ಡಿಎನ್‌ಎಯಲ್ಲಿ ಕರೆಂಟ್ ಹರಿಯುತ್ತಾ? ಮೊದಲು ತೇವ ಎಷ್ಟಿದೆ ಕೇಳಿ
ಅರಸೀಕೆರೆಯವರಿಗೆ ತೇವದ ಲೆಕ್ಕ ಹೇಳಿಕೊಡಬೇಕಿಲ್ಲ. ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಕೊಡಬೇಕಾದ್ರೆ ತೇವಾಂಶ ಶೇ 7 ದಾಟಬಾರದು. ತೇವ ಅಳೆಯೋ ಎಷ್ಟೋ ಮೀಟರ್‌ಗಳು ನೋಡೋದು ಕರೆಂಟನ್ನೇ: ಒದ್ದೆ ಇದ್ದಷ್ಟೂ ಸಲೀಸಾಗಿ ಹರಿಯುತ್ತೆ.

ಡಿಎನ್‌ಎ ಕಥೆಯೂ ಹೆಚ್ಚುಕಮ್ಮಿ ಇದೇ, ಬಿಕಾಂ ಓದಿದ ನನಗೂ ಅರ್ಥವಾಗುವಷ್ಟು. ಅದರ ಎಳೆಯುದ್ದಕ್ಕೂ ಇರುವ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಂಶ. ಅವಕ್ಕೆ ಸೋಡಿಯಂ ಅಯಾನುಗಳು ಅಂಟಿಕೊಂಡಿರುತ್ತವೆ. ಒಣಗಿದಾಗ ಅವು ಕದಲಲ್ಲ. ಗಾಳಿಯ ತೇವ ಏರಿದಂತೆ ಎಳೆಯ ಸುತ್ತ ನೀರು ಕೂರುತ್ತೆ, ಅಯಾನುಗಳು ಓಡಾಡುತ್ತವೆ, ವಾಹಕತೆ ಸಾವಿರಾರು ಪಟ್ಟು ಏರಬಹುದು. ಆಕಾರವೂ ಬದಲಾಗುತ್ತೆ, 1952ರ ಹೊತ್ತಿಗೇ ರೋಸಲಿಂಡ್ ಫ್ರಾಂಕ್ಲಿನ್ ಅದನ್ನು ಕಂಡಿದ್ದರು.

ಡಿಎನ್‌ಎಯಿಂದ ತಂತಿ ಮಾಡ್ತಾರಂತೆ ಅನ್ನೋ ಸುದ್ದಿ ಬಂದಾಗ ನಾನು ಹುಡುಕೋದು ತೇವದ ಅಂಕಿಯನ್ನ. ಅದಿಲ್ಲದಿದ್ದರೆ ಕರೆಂಟ್ ಹರಿದದ್ದು ಡಿಎನ್‌ಎಯಲ್ಲೋ, ಮೇಲೆ ಕೂತ ನೀರಲ್ಲೋ ಹೇಳೋಕಾಗಲ್ಲ.