ಎರಡು ಕೆರೆಗಳ ನಡುವಣ ನೆಲ

ಹೊಸದೊಂದು ವಸತಿ ಸಮುಚ್ಚಯವು ಏಳಲಿದೆಯೆಂಬ ವಾರ್ತೆ ಕಿವಿಗೆ ಬಿದ್ದೊಡನೆ ನಾವು ವಿಚಾರಿಸುವುದು ಮನೆಗಳ ಬೆಲೆಯೇನು, ರಸ್ತೆಯ ಅಗಲವೆಷ್ಟು, ಕಾವೇರಿ ನೀರಿನ ಸಂಪರ್ಕವುಂಟೇ ಎಂಬಿವೇ ಮೊದಲಾದವುಗಳನ್ನು. ಹಾಗೆ ಬಂದ ನೀರು ಬಳಕೆಯಾದ ಬಳಿಕ ಎಲ್ಲಿಗೆ ಹೋಗುವುದೆಂದು ಕೇಳುವವರು ವಿರಳ. ಲೆಕ್ಕವೇನೋ ಸುಲಭವಾದದ್ದು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದೂ, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬೀಳುವುದೆಂಬುದೂ ನಮ್ಮ ಇಂಜಿನಿಯರುಗಳು ಅಂಗೀಕರಿಸಿರುವ ಪ್ರಮಾಣ. ಎರಡು ಸಾವಿರ ಮನೆಗಳಲ್ಲಿ, ಮನೆಗೆ ಐವರಂತೆ, ಹತ್ತು ಸಾವಿರ ಜನ ನೆಲೆಸಿದರೆ ಅಲ್ಲಿಂದ ದಿನವೂ ಹೊರಡುವ ಕೊಳಚೆ ನೀರು ಹತ್ತು ಲಕ್ಷ ಲೀಟರಿಗೂ ಅಧಿಕ. ಈ ನೀರು ಹರಿದುಹೋಗುವ ದಾರಿಯಲ್ಲಿ ವಾಸಿಸುವ ಜನರು ಒಟ್ಟುಗೂಡಿ, ಅದರ ಗತಿಯೇನೆಂದು ಪ್ರಶ್ನಿಸಿದರೆ ಅವರನ್ನು ಅಭಿವೃದ್ಧಿಯ ವೈರಿಗಳೆಂದು ಜರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ರೂಢಿ ನ್ಯಾಯವಾದುದೇ ಎಂಬುದನ್ನು ಪರಿಶೀಲಿಸುವುದಕ್ಕೆ ಬೆಂಗಳೂರಿನ ಅಗರ, ಬೆಳ್ಳಂದೂರು ಕೆರೆಗಳ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

ಮಹಾನದಿಯೊಂದರ ದಡದಲ್ಲಿ ಹುಟ್ಟದೆ, ಸಮುದ್ರಮಟ್ಟದಿಂದ 900 ಮೀಟರುಗಳಷ್ಟು ಎತ್ತರದ ದಿಣ್ಣೆಗಳ ಮೇಲೆ ಬೆಳೆದ ಊರು ಬೆಂಗಳೂರು. ಬಿದ್ದ ಮಳೆ ಇಳಿಜಾರಿನಲ್ಲಿ ಹರಿದುಹೋಗದಂತೆ ಪೂರ್ವಿಕರು ಕಣಿವೆಯುದ್ದಕ್ಕೂ ಏರಿಗಳನ್ನು ಕಟ್ಟಿ, ಮೇಲಿನ ಕೆರೆ ಕೋಡಿ ಬಿದ್ದಾಗ ಕೆಳಗಿನದು ತುಂಬುವಂತೆ ರಾಜಕಾಲುವೆಗಳಿಂದ ಅವುಗಳನ್ನು ಒಂದಕ್ಕೊಂದು ಹೆಣೆದರು. ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ನಾಡು ನಮ್ಮದು. ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರನ್ನು ನ್ಯಾಯವಾಗಿ ಹಂಚುವುದಕ್ಕೆ ಗ್ರಾಮಗ್ರಾಮಗಳಲ್ಲಿ ನೀರುಗಂಟಿಯನ್ನು ನೇಮಿಸಿದ ನಾಡು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಅಗರದ ನೀರು ಬೆಳ್ಳಂದೂರಿಗೂ, ಬೆಳ್ಳಂದೂರಿನದು ವರ್ತೂರಿಗೂ ಇಳಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಸಾಗುತ್ತದೆ. ಆದುದರಿಂದ ಈ ಸರಪಣಿಯ ಒಂದು ಕೊಂಡಿಗೆ ಮಾಡಿದ ಅಪಚಾರವು ಆ ಕೊಂಡಿಯಲ್ಲಿಯೇ ನಿಲ್ಲತಕ್ಕದ್ದಲ್ಲ.

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಜೌಗು ನೆಲವನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸ್ವಾಧೀನಪಡಿಸಿಕೊಂಡು ಎರಡು ಸಂಸ್ಥೆಗಳಿಗೆ ವಹಿಸಿಕೊಟ್ಟಿತು. ಸುಮಾರು 80 ಎಕರೆಗಳ ಆ ವಿಸ್ತಾರದಲ್ಲಿ ತಂತ್ರಾಂಶ ಕಚೇರಿಗಳು, ವಸತಿ ಸಮುಚ್ಚಯ, ಹೋಟೆಲು, ವಾಣಿಜ್ಯ ಸಂಕೀರ್ಣ ಇವೆಲ್ಲವೂ ಏಳತಕ್ಕದ್ದೆಂದು ಯೋಜನೆ ಸಿದ್ಧವಾಯಿತು. ಮಳೆಗಾಲದಲ್ಲಿ ನೀರನ್ನು ಹೀರಿಕೊಂಡು ಬೇಸಗೆಯಲ್ಲಿ ಮೆಲ್ಲನೆ ಬಿಟ್ಟುಕೊಡುವ ಆ ನೆಲವು ಕಾಂಕ್ರೀಟಿನಡಿ ಮುಚ್ಚಿಹೋದರೆ ನೆರೆ ಯಾರ ಮನೆಯನ್ನು ಹೊಗುವುದು, ಕಾಲುವೆಗಳು ಯಾವ ಪಾಡು ಪಡುವುವು, ಈಗಾಗಲೇ ಕೊಳಚೆಯಿಂದ ನರಳುತ್ತಿರುವ ಬೆಳ್ಳಂದೂರಿಗೆ ಇನ್ನಷ್ಟು ಕೊಳಚೆಯನ್ನು ತಾಳುವ ಶಕ್ತಿಯುಂಟೇ ಎಂಬ ಚಿಂತೆ ಸುತ್ತಲಿನ ನಿವಾಸಿಗಳನ್ನು ಆವರಿಸಿತು. ಕೊನೆಗೆ 2014ರಲ್ಲಿ ಫಾರ್ವರ್ಡ್ ಫೌಂಡೇಶನ್ ಮೊದಲಾದ ನಾಗರಿಕ ಸಂಸ್ಥೆಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಬಾಗಿಲನ್ನು ತಟ್ಟಿದುವು.

ನಿರ್ಮಾಣವು ಮೊದಲಾಗುವ ಮುನ್ನವೇ ಜನರು ಎದುರುನಿಂತು ಏಕೆ ಹೇಳಲಿಲ್ಲವೆಂದು ವಾಚಕರು ಕೇಳಬಹುದು. ಉತ್ತರ ಕಾನೂನಿನಲ್ಲಿಯೇ ಇದೆ. ಪರಿಸರದ ಮೇಲಣ ಪರಿಣಾಮವನ್ನು ಅಳೆಯುವ ಸಲುವಾಗಿ ಕೇಂದ್ರ ಸರ್ಕಾರವು 2006ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 20,000 ಚದರ ಮೀಟರುಗಳಿಗೂ ಮಿಕ್ಕಿದ ಕಟ್ಟಡಗಳಿಗೆ ಮುಂಚಿತವಾಗಿ ಪರಿಸರ ಅನುಮತಿಯು ಬೇಕು. ಆದರೆ ಗಣಿಗೂ ಕಾರ್ಖಾನೆಗೂ ಸಾಮಾನ್ಯವಾಗಿ ನಡೆಯುವ ಸಾರ್ವಜನಿಕ ವಿಚಾರಣೆಯಿಂದ ಕಟ್ಟಡ ಮತ್ತು ಬಡಾವಣೆಗಳ ಯೋಜನೆಗಳನ್ನು ಅದೇ ಅಧಿಸೂಚನೆಯು ಮುಕ್ತಗೊಳಿಸಿದೆ. ಆದಕಾರಣ ಸಾವಿರಾರು ಮನೆಗಳು ತನ್ನ ಬೇಲಿಯ ಪಕ್ಕದಲ್ಲಿಯೇ ಏಳಲಿದ್ದರೂ ನೆರೆಯವನನ್ನು ಕರೆದು ಅವನ ಮಾತನ್ನು ಕೇಳಬೇಕೆಂಬ ನಿರ್ಬಂಧ ಯಾವ ಅಧಿಕಾರಿಗೂ ಇಲ್ಲ. ಅನುಮತಿ ದೊರೆತ ಮೇಲೆ ಮೇಲ್ಮನವಿ ಸಲ್ಲಿಸಲು ಇರುವ ಕಾಲ 30 ದಿನಗಳು. ತಕ್ಕ ಕಾರಣವಿದ್ದರೆ ಮತ್ತೆ 60 ದಿನಗಳು. ಈ ಅಲ್ಪಾವಧಿಯಲ್ಲಿ, ಹಗಲೆಲ್ಲ ಉದ್ಯೋಗದಲ್ಲಿರುವ ಜನರು ಹಳೆಯ ಗ್ರಾಮನಕ್ಷೆಯನ್ನು ಹುಡುಕಿ, ಸರ್ವೆ ನಂಬರುಗಳನ್ನು ತಾಳೆ ನೋಡಿ, ಮಾಹಿತಿ ಹಕ್ಕಿನಡಿ ಅರ್ಜಿ ಬರೆದು, ಕಾಲುವೆಯ ಗುರುತನ್ನು ಪತ್ತೆಮಾಡಿ, ವಕೀಲರ ಶುಲ್ಕಕ್ಕೆ ಮನೆಮನೆಯಿಂದ ಚಂದಾ ಕೂಡಿಸಬೇಕು. ಇಂಥ ಶ್ರಮವನ್ನು ಸ್ವಾರ್ಥವೆಂದು ಕರೆಯುವವರು ಅದರಲ್ಲಿ ಒಂದು ದಿನವನ್ನಾದರೂ ಕಳೆದು ನೋಡಲಿ.

2015ರ ಮೇ 7ರಂದು ನ್ಯಾಯಮಂಡಳಿಯು ನಿವಾಸಿಗಳ ವಾದವನ್ನು ಬಹುಮಟ್ಟಿಗೆ ಪುರಸ್ಕರಿಸಿ, ಎರಡು ನಿರ್ಮಾಣ ಸಂಸ್ಥೆಗಳಲ್ಲಿ ಒಂದಕ್ಕೇ 117 ಕೋಟಿ ರೂಪಾಯಿಗಳಿಗೂ ಹೆಚ್ಚಿನ ಪರಿಹಾರದ ಹೊಣೆ ಹೊರಿಸಿತು. ಮರುವರ್ಷ ಮೇ 4ರಂದು ಇನ್ನೂ ಮುಂದೆ ಹೋಗಿ, ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ ಕಟ್ಟಡಗಳಿಲ್ಲದೆ ಬಿಡತಕ್ಕ ಬಫರ್ ವಲಯವನ್ನು 30 ಮೀಟರುಗಳಿಂದ 75ಕ್ಕೂ, ದ್ವಿತೀಯ ಹಾಗೂ ತೃತೀಯ ಕಾಲುವೆಗಳ ವಲಯವನ್ನು ಕ್ರಮವಾಗಿ 25 ಮತ್ತು 15ರಿಂದ 35 ಮತ್ತು 25 ಮೀಟರುಗಳಿಗೂ ಏರಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಈ ಸಾರ್ವತ್ರಿಕ ಏರಿಕೆಯನ್ನು ರದ್ದುಗೊಳಿಸಿತು. ಶಾಸನಾನುಸಾರ ಸಿದ್ಧವಾದ ನಗರಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂಬುದು ಅದರ ಅಭಿಪ್ರಾಯವಾಗಿತ್ತು. ಕೆರೆಗಳ ಬಫರಿನ ಅಳತೆ ಹೀಗೆ 30 ಮೀಟರಿಗೆ ಮರಳಿತು. ಆದರೂ ಎರಡು ಕೆರೆಗಳ ನಡುವಣ ನೆಲವು ಬರಿಯ ನಿವೇಶನವಾಗಿರದೆ ನೀರಿನ ಮನೆಯೂ ಆಗಿದೆಯೆಂಬ ಅರಿವು ನಗರದಲ್ಲಿ ಮೂಡಿದ್ದು ಈ ವ್ಯಾಜ್ಯದಿಂದ. ಬಫರ್ ವಲಯವೆಂಬ ಮಾತು ಮನೆ ಕೊಳ್ಳಹೊರಟ ಸಾಮಾನ್ಯನ ಬಾಯಲ್ಲಿ ಕೇಳಿಬರುತ್ತಿರುವುದೂ ಇದರಿಂದಲೇ.

ಸಮುಚ್ಚಯದಲ್ಲಿಯೇ ಶುದ್ಧೀಕರಣ ಘಟಕ, ಅಂದರೆ ಜನರು ಎಸ್.ಟಿ.ಪಿ. ಎನ್ನುವ ಯಂತ್ರಾಗಾರ, ಇರುವಾಗ ಭಯವೇಕೆಂಬುದು ನಿರ್ಮಾಪಕರ ವಾಡಿಕೆಯ ಸಮಾಧಾನ. ಆ ಘಟಕವು ವಾಸ್ತವದಲ್ಲಿ ಸೂಕ್ಷ್ಮಜೀವಿಗಳ ಒಂದು ಪಾಕಶಾಲೆ. ತೊಟ್ಟಿಯಲ್ಲಿ ನಿಂತ ಕೊಳಚೆಗೆ ಗಾಳಿಯನ್ನು ಊದಿದಾಗ ಅಸಂಖ್ಯಾತ ಜೀವಾಣುಗಳು ಬೆಳೆದು ಮಲಿನಾಂಶವನ್ನು ತಿಂದುಬಿಡುತ್ತವೆ, ರಾಡಿ ತಳಕ್ಕಿಳಿಯುತ್ತದೆ, ತಿಳಿನೀರು ಮೇಲೆ ನಿಲ್ಲುತ್ತದೆ. ಗಾಳಿಯಂತ್ರವು ಬಹುಕಾಲ ನಿಂತರೆ ಜೀವಾಣುಗಳು ಉಸಿರುಗಟ್ಟಿ ಸಾಯುವುವು, ದುರ್ಗಂಧ ಹಬ್ಬುವುದು, ಅರೆಶುದ್ಧವಾದ ನೀರು ಕಾಲುವೆಯ ಪಾಲಾಗುವುದು. ವಿದ್ಯುತ್ತಿನ ವೆಚ್ಚಕ್ಕೆ ಹೆದರಿ ರಾತ್ರಿ ಯಂತ್ರವನ್ನು ನಿಲ್ಲಿಸುವ ಲೋಭವೊಂದೇ ಸಾಕು, ಕೋಟಿ ಬೆಲೆಯ ಘಟಕವೂ ನಿಷ್ಪ್ರಯೋಜಕವಾಗುವುದಕ್ಕೆ. ಮಾರ್ಜಕಗಳ ರಂಜಕಾಂಶವನ್ನಂತೂ ಸಾಧಾರಣ ಘಟಕಗಳು ಪೂರ್ಣವಾಗಿ ತೆಗೆಯಲಾರವು. ಹಲವು ಕಾಲುವೆಗಳಿಂದ ಇಂಥ ನೀರು ವರ್ಷಾನುವರ್ಷ ಬಂದು ಸೇರಿದುದರ ಫಲವನ್ನು ಲೋಕವೇ ಕಂಡಿತು: ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂತು, 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯೇ ಹೊತ್ತಿ ಉರಿಯಿತು, ಕೊನೆಯ ಬೆಂಕಿಯನ್ನು ನಂದಿಸಲು ಸೇನೆಯ ಯೋಧರೂ ಬರಬೇಕಾಯಿತು. ನೀರು ಉರಿಯಿತೆಂಬ ಮಾತನ್ನು ನಮ್ಮ ಅಜ್ಜಂದಿರು ಕೇಳಿದ್ದರೆ ನಂಬುತ್ತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಳೆಯ ನೆರೆ ನುಗ್ಗಿದಾಗ ಇದೇ ಆಸುಪಾಸಿನ ಶ್ರೀಮಂತ ಬಡಾವಣೆಗಳ ನಿವಾಸಿಗಳು ಟ್ರ್ಯಾಕ್ಟರುಗಳನ್ನೇರಿ ಹೊರಬಂದರು. ತನ್ನ ಹಳೆಯ ಹಾದಿಯನ್ನು ನೀರು ಮರೆತಿರಲಿಲ್ಲ.

ಹಾಗೆಂದು ಶುದ್ಧೀಕರಣ ಘಟಕವೇ ಶತ್ರುವೆಂದು ಭಾವಿಸತಕ್ಕದ್ದಲ್ಲ. ಅದೇ ನಗರದ ಉತ್ತರ ಭಾಗದ ಜಕ್ಕೂರಿನಲ್ಲಿ, ಘಟಕದಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಸಾವಕಾಶವಾಗಿ ಹಾದು, ಉಳಿದ ಕಶ್ಮಲವನ್ನು ಗಿಡಗಳ ಬೇರಿಗೆ ಒಪ್ಪಿಸಿ ಮುಂದೆ ಸಾಗುತ್ತದೆ. ಅಲ್ಲಿ ಬೆಸ್ತರು ಮೀನು ಹಿಡಿಯುತ್ತಾರೆ, ಹಕ್ಕಿಗಳು ಬಂದಿಳಿಯುತ್ತವೆ, ನೆರೆಹೊರೆಯ ಜನರು ಕೂಡಿ ಕೆರೆಯ ಮೇಲೆ ಕಣ್ಣಿಟ್ಟಿದ್ದಾರೆ. ಯಂತ್ರ, ಜೌಗು, ಜನರ ಜಾಗೃತಿ ಎಂಬ ಈ ಮೂರೂ ಒಂದೆಡೆ ಸೇರಿದಲ್ಲಿ ಮನೆಗಳೂ ಇರಬಲ್ಲವು, ಕೆರೆಯೂ ಬದುಕಬಲ್ಲದು. ಬೆಳ್ಳಂದೂರಿನ ದಡದಲ್ಲಿ ನಾವು ಯಂತ್ರವನ್ನು ನಂಬಿದೆವು, ಜೌಗನ್ನು ಮಾರಿದೆವು, ಜನರ ಮಾತನ್ನು ತಡವಾಗಿ ಕೇಳಿದೆವು.

ಮನೆಗಳು ಬೇಕು, ಊರು ಬೆಳೆಯುತ್ತಿರುವಾಗ ಬೇಡವೆನ್ನಲು ಯಾರಿಂದಲೂ ಆಗದು. ಆದರೆ ಎಷ್ಟು ಜನರು ವಾಸಿಸುವರೆಂಬ ಲೆಕ್ಕದ ಜೊತೆಯಲ್ಲಿಯೇ ಎಷ್ಟು ಕೊಳಚೆ ಯಾವ ಕಾಲುವೆಗೆ ಇಳಿಯುವುದೆಂಬ ಲೆಕ್ಕವನ್ನೂ ಅಡಿಗಲ್ಲಿಗೆ ಮೊದಲೇ ನೆರೆಯವರ ಮುಂದೆ ಇಡುವುದು ಸರ್ಕಾರದ ಕರ್ತವ್ಯ. ಬಡಾವಣೆಗಳಿಗೂ ಸಾರ್ವಜನಿಕ ವಿಚಾರಣೆಯನ್ನು ಕಡ್ಡಾಯಗೊಳಿಸುವಂತೆ ಅಧಿಸೂಚನೆಯನ್ನು ತಿದ್ದಬೇಕಾದುದು ಇಂದಿನ ಅಗತ್ಯ. ನಮ್ಮ ಕರ್ತವ್ಯವೂ ಸ್ವಲ್ಪವುಂಟು. ಪಕ್ಕದ ಯೋಜನೆಯನ್ನು ಪ್ರಶ್ನಿಸುವ ನಿವಾಸಿಗಳ ಸಂಘವು ತನ್ನ ಸಮುಚ್ಚಯದ ಘಟಕವು ರಾತ್ರಿ ಓಡುತ್ತಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಲಿ. ಆಗ ಅದರ ಪ್ರಶ್ನೆಗೆ ಇಮ್ಮಡಿ ಬಲ ಬರುವುದು. ವಾಚಕ ಮಹಾಶಯರೇ, ನಿಮ್ಮ ಮನೆಯ ನೀರು ಯಾವ ಕೆರೆಯನ್ನು ಸೇರುತ್ತಿದೆಯೆಂದು ಒಂದು ಭಾನುವಾರ ಕಾಲುವೆಯ ಜಾಡು ಹಿಡಿದು ನಡೆದು ನೋಡಿ ಬನ್ನಿ.