ಗುಳಿಗೆ ನಿಂತ ಮೇಲೆ ಕಾಡುವ ದಿಗಿಲು

ಟೈಪ್ 2 ಮಧುಮೇಹಕ್ಕೆಂದು ವರ್ಷಗಟ್ಟಲೆ ಗುಳಿಗೆ ನುಂಗಿದವರಿಗೆ ವೈದ್ಯರು ಒಂದು ದಿನ ‘ಇನ್ನು ನಿಲ್ಲಿಸಿ ನೋಡೋಣ’ ಎಂದರೆ ಸಂತೋಷವಾಗಬೇಕು. ಎಷ್ಟೋ ಮಂದಿಗೆ ಆಗುವುದು ದಿಗಿಲು. ಕುಮದ್ವತಿ ದಂಡೆಯ ರಟ್ಟೀಹಳ್ಳಿಯಲ್ಲಾದರೂ ಬೆಂಗಳೂರಿನಲ್ಲಾದರೂ ಕೇಳುವ ಪ್ರಶ್ನೆ ಒಂದೇ: ‘ಶುಗರ್ ಮತ್ತೆ ಏರಿದರೆ?’

ಪ್ರಶ್ನೆ ನ್ಯಾಯವಾದದ್ದೇ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿ 2017ರಲ್ಲಿ ಪ್ರಕಟಿಸಿದ ‘ಡೈರೆಕ್ಟ್’ ಅಧ್ಯಯನದಲ್ಲಿ, ಗುಳಿಗೆ ಬಿಟ್ಟು ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಲು ಹೊರಟವರ ಪೈಕಿ ಶೇ. 46 ಮಂದಿ ವರ್ಷದ ಬಳಿಕ ಮಧುಮೇಹದ ಮಿತಿಗಿಂತ ಕೆಳಗಿದ್ದರು. ಯಕೃತ್ತು, ಮೇದೋಜೀರಕ ಗ್ರಂಥಿಗಳಲ್ಲಿ ಕೂತ ಕೊಬ್ಬು ಕರಗಿದ್ದೇ ಇದಕ್ಕೆ ಮುಖ್ಯ ಕಾರಣ. ಎರಡನೆಯ ವರ್ಷಕ್ಕೆ ಆ ಪ್ರಮಾಣ ಶೇ. 36ಕ್ಕೆ ಇಳಿಯಿತು. ಅಂದರೆ ಕಾಯಿಲೆ ಶಮನವಾಗಬಲ್ಲದು, ತೂಕ ಏರಿದರೆ ಮರಳಲೂಬಲ್ಲದು. ಎಚ್ಚರ ಬೇಕು. ಆದರೆ ಎಚ್ಚರ ಭಯಕ್ಕೆ ತಿರುಗಿದರೆ ಅದೇ ತೊಂದರೆ ಕೊಡುತ್ತದೆ.

ಹೆದರಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹೆಚ್ಚುತ್ತವೆ. ಇವು ಯಕೃತ್ತಿನಿಂದ ಗ್ಲುಕೋಸನ್ನು ರಕ್ತಕ್ಕೆ ಬಿಡಿಸುತ್ತವೆ. ಭಯದಿಂದ ಶುಗರ್ ಏರುತ್ತದೆ, ಏರಿದ ಅಂಕಿ ಕಂಡು ಭಯ ಇಮ್ಮಡಿಸುತ್ತದೆ. ನಸುಕಿನಲ್ಲಿ ಇಂಥ ಹಾರ್ಮೋನುಗಳು ತಾವಾಗಿಯೇ ಹೆಚ್ಚುವುದರಿಂದ, ರಾತ್ರಿ ಏನನ್ನೂ ತಿನ್ನದಿದ್ದರೂ ಬೆಳಗಿನ ಅಂಕಿ ತುಸು ಜಾಸ್ತಿ ಬರಬಹುದು. ಎದೆಬಡಿತ, ಬೆವರು, ಕೈನಡುಕ ಗಾಬರಿಯಲ್ಲೂ ಬರುತ್ತವೆ, ಶುಗರ್ ಕುಸಿದಾಗಲೂ ಬರುತ್ತವೆ. ಗುಳಿಗೆ ಬಿಟ್ಟವರಲ್ಲಿ ಕುಸಿತ ಅಪರೂಪ. ಸಂಶಯವಾದರೆ ಒಮ್ಮೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ನೀರು ಕುಡಿದು ವೈದ್ಯರಿಗೆ ತಿಳಿಸಿ.

ಮನೆಯ ಮೀಟರಿನ ಮಿತಿಯೂ ಗೊತ್ತಿರಲಿ. 100ರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆಗೆ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ನಿಜವಾದ 140 ಅದರಲ್ಲಿ 120 ಎಂದೂ 160 ಎಂದೂ ಕಾಣಬಹುದು. ಆದ್ದರಿಂದ ತಾಸಿಗೊಮ್ಮೆ ಬೆರಳು ಚುಚ್ಚಿಕೊಂಡು ಪ್ರಯೋಜನವಿಲ್ಲ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಅದು ಶೇ. 6.5ಕ್ಕಿಂತ ಕಡಿಮೆ ಇದ್ದರೆ ಶಮನ ಎಂದು ತಜ್ಞರು 2021ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ.

ವಾರದಲ್ಲಿ ಯಾವ ದಿನ ಪರೀಕ್ಷಿಸಬೇಕು, ಎಷ್ಟು ಬಂದರೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ನಿರ್ಧಾರ ಮೊದಲೇ ಆಗಿದ್ದರೆ ಪ್ರತಿ ಅಂಕಿಯ ಮುಂದೆಯೂ ನಡುಗಬೇಕಿಲ್ಲ. ಊಟದ ನಂತರ ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ರಕ್ತದ ಗ್ಲುಕೋಸನ್ನು ಎಳೆದುಕೊಳ್ಳುತ್ತದೆ, ಮನಸ್ಸೂ ಹಗುರಾಗುತ್ತದೆ. ನಿದ್ದೆಗೆಡುವಷ್ಟು ಚಿಂತೆ ವಾರಗಟ್ಟಲೆ ಬಿಡದಿದ್ದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. 2022ರಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಯಾರದೋ ಮಾತು ಕೇಳಿ ತಾವಾಗಿಯೇ ಗುಳಿಗೆ ಬಿಡುವುದು ಮಾತ್ರ ಅಪಾಯ. ವೈದ್ಯರು ನಿಲ್ಲಿಸಿದ ಗುಳಿಗೆಯನ್ನು ಅವರೇ ಮತ್ತೆ ಶುರು ಮಾಡಿದರೆ ಅದನ್ನು ಸೋಲೆಂದು ತಿಳಿಯಬೇಡಿ. ಕಣ್ಣು, ಮೂತ್ರಪಿಂಡ, ಪಾದಗಳನ್ನು ಉಳಿಸಿಕೊಳ್ಳುವುದೇ ಗುರಿ. ಗುಳಿಗೆ ಇರಲಿ ಬಿಡಲಿ, ಆ ಮೂರರ ತಪಾಸಣೆ ವರ್ಷಕ್ಕೊಮ್ಮೆ ತಪ್ಪಬಾರದು.