ಹಿರಿಯರ ಜಾಡು

ಮುತ್ತಜ್ಜನ ಹೆಸರನ್ನು ತಡವರಿಸದೆ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅಜ್ಜನವರೆಗೆ ನಾಲಗೆ ಸರಾಗವಾಗಿ ಸಾಗುತ್ತದೆ, ಅದರಾಚೆಗೆ ಮೌನ. ಅರಸುಮನೆತನಗಳ ವಿಷಯ ಹೀಗಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಂಡೆಯ ಕಿತ್ತೂರನ್ನು ಪುನ್ನಾಟದ ರಾಜಧಾನಿಯಾಗಿದ್ದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಅರಸರ ವಂಶಾವಳಿ ತಾಮ್ರಶಾಸನಗಳಲ್ಲಿ ಇಂದಿಗೂ ಉಳಿದಿದೆ. ಅದೇ ಹೊಳೆಯ ನೀರು ಕುಡಿದು ರಾಗಿ ಬೆಳೆದ ಒಕ್ಕಲುಮಗನ ವಂಶಾವಳಿಯನ್ನು ಯಾರು ಕಾದಿಟ್ಟರು?

ಅದನ್ನು ಕಾಯುತ್ತಿದ್ದವನು ಹೆಳವ. ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಅವನು ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದೆದು, ಗಂಟೆ ಬಾರಿಸುತ್ತ ಊರೊಳಕ್ಕೆ ಬರುತ್ತಿದ್ದನು. ಹೆಳವ ಎಂದರೆ ಕುಂಟನೆಂದು ಅರ್ಥ. ತಮ್ಮ ಮೂಲಪುರುಷನು ಕುಂಟನಾಗಿದ್ದುದರಿಂದಲೇ ತಮಗೆ ಎತ್ತಿನ ಸವಾರಿ ಬಂದಿತೆಂದು ಅವರು ಹೇಳಿಕೊಳ್ಳುವರು. ಒಬ್ಬೊಬ್ಬ ಹೆಳವನಿಗೂ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂಬ ಹಂಚಿಕೆಯಿತ್ತು. ಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಮೂಲ ಊರು ಯಾವುದು, ಅಲ್ಲಿಂದ ಯಾರು ಏತಕ್ಕೆ ಹೊರಟರು, ಮನೆದೇವರು ಯಾರು, ಬೆಡಗು ಯಾವುದು, ಯಾರಿಗೆ ಎಷ್ಟು ಮಂದಿ ಮಕ್ಕಳು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಿದ್ದನು. ದವಸ, ಬಟ್ಟೆ, ಅನುಕೂಲಸ್ಥರ ಮನೆಯಲ್ಲಾದರೆ ಒಂದು ಕರು ಅವನಿಗೆ ಸಲ್ಲುತ್ತಿತ್ತು. ವಂಶವನ್ನು ಗಂಡುಮಕ್ಕಳ ಕಡೆಯಿಂದಲೇ ಎಣಿಸುತ್ತಿದ್ದುದರಿಂದ ಹೆಣ್ಣುಮಕ್ಕಳು ಆ ಎಣಿಕೆಯಲ್ಲಿ ಮರೆಯಾದರೆಂಬ ಕೊರತೆಯನ್ನು ಒಪ್ಪಲೇಬೇಕು. ಹರಿದ್ವಾರದ ಪಂಡಾಗಳೂ ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಾರೆ. ಅಲ್ಲಿ ಯಾತ್ರಿಕನು ವಹಿಯನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿ ವಹಿಯೇ ಎತ್ತನ್ನೇರಿ ಮನೆಯ ಬಾಗಿಲಿಗೆ ಬರುತ್ತಿತ್ತು.

ಬಾಗಿಲಿಗೆ ಬರಬೇಕಾದರೆ ಮನೆ ಇದ್ದಲ್ಲಿಯೇ ಇರಬೇಕಷ್ಟೆ. ಈ ಸೀಮೆಯಲ್ಲಿ ಊರಿಗೆ ಊರೇ ಎದ್ದುಹೋದ ಪ್ರಸಂಗಗಳುಂಟು. ಇಂದಿನ ಕೃಷ್ಣರಾಜನಗರ ತಾಲ್ಲೂಕು ಹಳೆಯ ಕಾಗದಪತ್ರಗಳಲ್ಲಿ ಎಡತೊರೆ ತಾಲ್ಲೂಕು. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನೊಂದ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಹೊಸ ಪಟ್ಟಣವೆದ್ದಿತು. ಅದಕ್ಕೆ ಅವರ ಹೆಸರೇ ನಿಂತಿತು. ಅರ್ಕೇಶ್ವರನ ಗುಡಿ ಮಾತ್ರ ಹೊಳೆಯ ದಡದಲ್ಲಿಯೇ ಉಳಿಯಿತು. ಹೆಸರಿನ ಹಿಂದೆ ‘ಎಡತೊರೆ’ಯನ್ನು ಇಟ್ಟುಕೊಂಡ ಮನೆತನಗಳ ಮಕ್ಕಳು ಇಂದು ಎಲ್ಲಿಯೇ ಇರಲಿ, ಬಂದು ನೋಡಲು ಒಂದು ಗುಡಿಯಾದರೂ ಇದೆ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಊರುಗಳವರಿಗೆ ಆ ಸಮಾಧಾನವೂ ಇಲ್ಲ. ಆ ನೀರು ಕೆಳಗಿನ ಹೊಲಗದ್ದೆಗಳಿಗೆ ಹರಿದು ಅನ್ನವನ್ನಿತ್ತಿತೆಂಬುದು ನಿಜ. ಆದರೆ ಊರವರ ಹಗೇವುಗಳು ನೀರಿನ ಪಾಲಾದವು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ರಾಗಿಯನ್ನು ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಬಾಗಿಲುವಾಡವನ್ನು ಕಿತ್ತು ಗಾಡಿಗೆ ಹೇರಬಹುದು, ಹಗೇವನ್ನು ಹೇರುವುದೆಂತು? ಅಲ್ಲಿಂದೆದ್ದ ಒಕ್ಕಲುಗಳು ಬೇರೆ ಬೇರೆ ಕಡೆ ಹಂಚಿಹೋದವು. ಹೆಳವರ ಮಕ್ಕಳಲ್ಲಿಯೂ ಅನೇಕರು ಬೇರೆ ಕಸುಬು ಹಿಡಿದರು.

ಹಳ್ಳಿಯ ಬಾಳಿನ ಕುರುಹುಗಳನ್ನು ಉಳಿಸಿಕೊಳ್ಳಬೇಕೆಂಬ ಎಚ್ಚರವೂ ಸುಮಾರು ಇದೇ ಕಾಲದಲ್ಲಿ ಮೂಡಿತು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿತು. ಜೀ. ಶಂ. ಪರಮಶಿವಯ್ಯನವರೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರೂ ಅದಕ್ಕಾಗಿ ಬಹಳ ದುಡಿದರು. ಮುಂದೆ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಜಯಲಕ್ಷ್ಮೀ ವಿಲಾಸವು ಈಚಿನ ವರ್ಷಗಳಲ್ಲಿ ಶಿಥಿಲವಾಗಿ ದುರಸ್ತಿಯನ್ನು ಬೇಡಿತು. ಅರಮನೆಯ ಕಂಬಗಳಿಗೆ ಮರುಗುವವರು ಬೇಕಾದಷ್ಟು ಮಂದಿ ಇದ್ದಾರೆ. ಒಳಗಿನ ಮೊರ ಒನಕೆಗಳಿಗೆ ಮರುಗುವವರು ಕಡಿಮೆ.

ಇಂತಹ ಸಂಗ್ರಹಾಲಯಗಳಲ್ಲಿ ಮಕ್ಕಳು ಬೇಗ ಬೇಗ ನಡೆದುಬಿಡುತ್ತಾರೆ. ಜೊತೆಯಲ್ಲಿ ಪಿರಿಯಾಪಟ್ಟಣದ ಕಡೆಯ ಅಜ್ಜಿಯೊಬ್ಬರಿದ್ದರೆ ನಡಿಗೆ ನಿಲ್ಲುತ್ತದೆ. ಅವರು ಕೊಳಗದ ಮುಂದೆ ನಿಲ್ಲುವರು. ಅದು ದವಸ ಅಳೆಯುವ ಸಾಧನವೆಂದಷ್ಟೇ ಪಕ್ಕದ ಚೀಟಿ ತಿಳಿಸುತ್ತದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸಬೇಕು ಎಂಬುದನ್ನು ಅಜ್ಜಿಯೇ ಹೇಳಬೇಕು. ‘ನಮ್ಮನೇಲೂ ಇಂಥದ್ದೇ ಇತ್ತು ಕಣ್ಮಗ, ನಿಮ್ಮ ತಾತನೂ ಅವರಣ್ಣನೂ ಪಾಲಾದಾಗ ದೊಡ್ಡೋರ ಪಾಲಿಗೆ ಹೋಯ್ತು’ ಎಂದು ಅವರು ಅನ್ನುತ್ತಲೇ, ಆ ದೊಡ್ಡವರ ಮಕ್ಕಳು ಈಗ ಎಲ್ಲಿದ್ದಾರೆಂದು ಮೊಮ್ಮಗನು ಕೇಳುವನು. ಹೆಳವನು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಅಲ್ಲಿಂದ ಮತ್ತೆ ಮೊದಲಾಗುತ್ತದೆ. ಅಜ್ಜಿಯಿಲ್ಲದೆ ಹೋದವನಿಗೆ ಕೊಳಗವು ಬರಿಯ ಕೊಳಗ.

ಎಲ್ಲರ ಜಾಡೂ ಸಂಗ್ರಹಾಲಯದಲ್ಲಿ ದೊರೆಯುವುದಿಲ್ಲ. ನಾಗರಹೊಳೆಯ ಕಾಡಿನ ಹಾಡಿಗಳನ್ನು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳಿಗೆ ಬಂದ ಜೇನುಕುರುಬರ ದೇವರ ನೆಲೆಗಳೂ ಹಿರಿಯರನ್ನು ಮಣ್ಣು ಮಾಡಿದ ಜಾಗಗಳೂ ಕಾಡಿನೊಳಗೇ ಇವೆ. ಮುತ್ತಜ್ಜನ ಗುರುತು ಇಂಥ ಮರದ ಬುಡ, ಇಂಥ ಹಳ್ಳದ ಅಂಚು. ಆ ನೆಲ ಈಗ ರಾಷ್ಟ್ರೀಯ ಉದ್ಯಾನ. ಹುಲಿ ಆನೆಗಳಿಗೆ ಆಸರೆ. ಹೊರಬಂದವರ ಮಕ್ಕಳು ಅಲ್ಲಿಗೆ ಹೋಗಬೇಕಾದರೆ ಅನುಮತಿ ಕೇಳಬೇಕು. ಹಾಗೆಂದು ಆ ಗುರುತುಗಳಿಗೆ ಬೆಲೆಯಿಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ ವಂಶಾವಳಿಯನ್ನೂ ಹಳೆಯ ಬಾವಿ, ಸ್ಮಶಾನ, ದೇವರ ನೆಲೆಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಹಿರಿಯರ ಹೇಳಿಕೆ ಬರಹಕ್ಕೆ ಇಳಿದಿರಬೇಕೆಂಬುದು ನಿಯಮ. ಆದುದರಿಂದ ಹಾಡಿಯ ಯಜಮಾನನು ಕಂಡದ್ದನ್ನು, ಕೇಳಿದ್ದನ್ನು ಅವನಿರುವಾಗಲೇ ಅವನ ಎದುರು ಕುಳಿತು ಬರೆದುಕೊಳ್ಳಬೇಕಾಗಿದೆ. ಹಾಡಿಯಲ್ಲಿ ಓದು ಬಲ್ಲವರೆಂದರೆ ಎಷ್ಟೋ ಸಲ ಪ್ರೌಢಶಾಲೆಯ ಮಕ್ಕಳೇ.